ಕೃಪಾವತಿಯ ಪಾಳಿ

ದೀನತೆಯ ಮಾತು ಹೇಳಹೊರಡುವುದೇ ಒಂದು ಜಂಬ, ಕ್ಷಮಿಸಬೇಕು, ಕೃಪಾವತಿಗೂ ಹಾಗೇ ಅನಿಸುತ್ತಿತ್ತು — ಕೂಲರಿನ ಒದ್ದೆ ಗಾಳಿ ಕುತ್ತಿಗೆಗೆ ತಾಗುತ್ತಿದೆ, ಎದುರಿಗೆ ಬೋಗುಣಿ, ಬೋಗುಣಿಯ ಆಚೆ ಮೊಣಕಾಲೂರಿದ ರಾಜಮ್ಮ, ತಾನು ಕುರ್ಚಿಯ ಮೇಲೆ, ಎಲ್ಲ ತಲೆಕೆಳಗು, ಈ ಕುರ್ಚಿ ತನ್ನದಲ್ಲ. ಗುಡ್ ಫ್ರೈಡೆಯ ಹಿಂದಿನ ಗುರುವಾರ ಮನೀಶ್ ನಗರದ ಈ ಮನೆಯಲ್ಲಿ ಕನ್ನಡ ಕ್ರೈಸ್ತರು ನಾಲ್ಕಾರು ಕುಟುಂಬ ಸೇರುವುದು, ಯೇಸು ಶಿಷ್ಯರ ಕಾಲು ತೊಳೆದಂತೆ ಒಬ್ಬರ ಕಾಲು ಇನ್ನೊಬ್ಬರು ತೊಳೆಯುವುದು, ಹೆಂಗಸರದೆಲ್ಲ ಪ್ರತಿ ವರ್ಷ ತಾನೇ ತೊಳೆದಿದ್ದಾಳೆ, ಕೂಡ್ರಿ ಅಂದರೆ ನಾ ಯೋಗ್ಯಳಲ್ರಿ ಎಂದು ಜಾರಿಕೊಂಡಿದ್ದಾಳೆ, ಆಮೇಲೆ ಯಾರಾದರೂ ಕೇಳಿಸಿಕೊಂಡರೇ ಎಂದು ಓರೆಗಣ್ಣು, ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟಾಗಲೂ, ಆಫೀಸಿನಲ್ಲಿ ಇನ್ನೊಬ್ಬರ ತಪ್ಪಿಗೆ ತಾನು ಬೈಸಿಕೊಂಡಾಗಲೂ ಅದೇ ಓರೆಗಣ್ಣು, ಪ್ರಾರ್ಥನೆಯಲ್ಲಿ ಅದಕ್ಕೆ ಕ್ಷಮೆ, ಕ್ಷಮೆ ಕೇಳಿದೆನಲ್ಲ ಎಂದು ಒಳಗೊಳಗೇ ಹೆಮ್ಮೆ, ಹೆಮ್ಮೆಗೆ ಮತ್ತೆ ಕ್ಷಮೆ, ತಾನು ಓದಿದ ಸಂಜೆ ಕಾಲೇಜಿನ ಬಿ.ಎ.ಯಲ್ಲಿ ಇದಕ್ಕೆ ಉತ್ತರ ಹೇಳಿಕೊಡಲಿಲ್ಲ. ಈಗಷ್ಟೇ ಬೋಗುಣಿಗೆ ಕೈ ಚಾಚಿದರೆ ರಾಜಮ್ಮ ಅದನ್ನು ಎಳೆದುಕೊಂಡು ತನ್ನನ್ನೇ ಕುರ್ಚಿಗೆ ಕೂಡಿಸಿಬಿಟ್ಟಳು, ಪ್ರತಿ ವರ್ಷ ನೀವ ತೊಳದ್ರ ನಮ್ಮ ಪಾಳಿ ಯಾವಾಗ ಬರೂದ್ರಿ ಅಕ್ಕಾರ, ಆಶೀರ್ವಾದ ಎಲ್ಲಾ ನೀವೊಬ್ರ ಕಾಮಠಿಗೆ ನಿಮ್ಮ ಮನೀಗೆ ಒಯ್ಯಬ್ಯಾಡ್ರಿ, ಎಲ್ಲರೂ ನಕ್ಕರು, ಪಾಸ್ಟರೂ ನಕ್ಕರು, ಚುಚ್ಚಿತು, ನಿಜವಾದ್ದರಿಂದಲೇ ಚುಚ್ಚಿತು. ಏಳಬಹುದು, ಈಗಲೂ ಏಳಬಹುದು, ಆದರೆ ಹೋದ ವರ್ಷವೂ ಇವಳು ಕೇಳಿದ್ದಳು, ಬೇಡವೆಂದದ್ದಕ್ಕೆ ಮುಖ ಸಣ್ಣದು ಮಾಡಿಕೊಂಡು, ಆಸ್ಪತ್ರಿ ಆಯಾನ ಕೈ ಅಂತ ಬ್ಯಾಡೇನ್ರಿ ಎಂದಿದ್ದಳು, ಅಯ್ಯೋ ಹಾಗಲ್ಲ ಎನ್ನುವ ಬದಲು ತಾನು ಮುಂದಿನವರ ಕಾಲಿಗೆ ಬೋಗುಣಿ ಸರಿಸಿದ್ದಳು, ಆಮೇಲೆ ಎಷ್ಟೋ ತಿಂಗಳು ರಾಜಮ್ಮ ಪ್ರಾರ್ಥನೆಗೆ ಬಂದಿರಲಿಲ್ಲ, ಈ ಸಲವೂ ಬೇಡವೆಂದರೆ ಇವಳು ಇನ್ನು ಬರುವವಳಲ್ಲ.

ಆದರೆ ಈ ಕಾಲು — ಎಲ್ಲರೂ ಮನೆಯಲ್ಲೇ ಸಾಬೂನು ಹಚ್ಚಿ ತಿಕ್ಕಿ, ತೊಳೆದ ಕಾಲನ್ನೇ ತೊಳೆಸಿಕೊಳ್ಳಲು ತಂದಿರುತ್ತಾರೆ, ಕುರ್ಚಿಗೆ ಕೂಡುವವಳು ತಾನಲ್ಲ ಎಂಬ ಧೈರ್ಯದಲ್ಲಿ ತಾನೊಬ್ಬಳೇ ಹಾಗೇ ಬಂದಿದ್ದಾಳೆ, ಬಸ್ಸಿನ ಧೂಳು, ರಸ್ತೆಯ ಬಿಸಿಲು, ಒಡೆದ ಹಿಮ್ಮಡಿ, ಹಾಗಾದರೆ ಇಷ್ಟು ವರ್ಷ ತಾನು ತೊಳೆದದ್ದೆಲ್ಲ ಸ್ವಚ್ಛ ಕಾಲುಗಳನ್ನೇ, ನಿರಿಗೆಯೊಳಗೆ ಪಾದ ಎಳೆದುಕೊಂಡಳು, ಹೊಲಸದಾವ ರಾಜಮ್ಮಾ. ಹೊಲಸಿದ್ರನ ತೊಳೆಯೂದ್ರಿ ಅಕ್ಕಾರ, ಕೊಡ್ರಿ ಇಲ್ಲಿ, ಎಂದಳು ರಾಜಮ್ಮ. ಕೊಟ್ಟಳು, ತಣ್ಣೀರು ಮೀನಗಂಡದವರೆಗೂ ಜುಮ್ಮೆಂದಿತು, ರಾಜಮ್ಮನ ಹೆಬ್ಬೆರಳು ಹಿಮ್ಮಡಿಯ ಬಿರುಕಿನಗುಂಟ ಮೆಲ್ಲಗೆ, ನೋಯದಂತೆ, ಅವ್ವ ಹೋದ ಮೇಲೆ ಈ ಕಾಲನ್ನು ಯಾರೂ ಮುಟ್ಟಿರಲಿಲ್ಲ, ಸ್ತೋತ್ರ, ಸ್ವಾಮಿ, ಸ್ತೋತ್ರ, ಕೊಡುವುದಕ್ಕೆ ಏನೂ ಉಳಿಯದ ಹೊತ್ತಿನಲ್ಲಿ ಎಷ್ಟು ಹಗುರ, ಇದು ದೀನತೆಯೋ, ಬರೀ ಸುಖವೋ, ಗೊತ್ತಿಲ್ಲ, ಅವಳಿಗೆ ಗೊತ್ತಾಗಲೇ ಇಲ್ಲ — ಬೋಗುಣಿಯಲ್ಲಿ ಕಂದು ನೀರು, ನೀರಿನಲ್ಲಿ ರಾಜಮ್ಮನ ಕೈ, ಕಂದು ನೀರು, ಕೈ.