ಬಿಳಿಯ ಪಕ್ಕ ಹಿಡಿದಾಗ

"ಇತ್ತ ತಿರುಗು ದರ್ಜಿ. ಕಣ್ಣು ಮುಚ್ಚಬೇಡ. ಹಾಂ, ಹಾಗೇ ಇರು."

ಪಕ್ಕದ ಮಂಚದ ದರ್ಜಿ ಬೆನ್ನಿಗೆ ಬಿಗಿದ ಪಟ್ಟಿಯೊಳಗಿಂದ ಕತ್ತನ್ನಷ್ಟೇ ಹೊರಳಿಸಿದ. "ಏನಜ್ಜ, ನನ್ನ ಮುಖಕ್ಕೂ ಸುಣ್ಣ ಬಳಿಯೋ ಯೋಚನೆನಾ?"

ಅಜ್ಜ ನಗಲಿಲ್ಲ. ಐವತ್ತು ವರ್ಷ ಊರಿನ ಗೋಡೆಗಳಿಗೆ ಬಣ್ಣ ಹೊಡೆದವನು ಅವನು. ಏಣಿಯಿಂದ ಬಿದ್ದು ತೊಡೆ ಮುರಿದುಕೊಂಡು ಈ ಮೂಳೆ ವಾರ್ಡಿಗೆ ಬಂದ ದಿನದಿಂದ ಎಲ್ಲರಿಗೂ ಬಣ್ಣದಜ್ಜ. ಕಾಲನ್ನು ಹಗ್ಗಕ್ಕೆ ಕಟ್ಟಿ, ಹಗ್ಗದ ತುದಿಗೆ ತೂಕ ಇಳಿಬಿಟ್ಟಿದ್ದರು. ಏಳುವ ಹಾಗಿಲ್ಲ, ಹೊರಳುವ ಹಾಗಿಲ್ಲ. ನೋಡುವುದೊಂದೇ ಉಳಿದಿದ್ದ ಕೆಲಸ.

ಕಿಟಕಿ ಪಕ್ಕದ ಮಂಚ ದರ್ಜಿಯದು. ಬೆನ್ನುಮೂಳೆಗೆ ಕ್ಷಯ ಹಿಡಿದು ಎರಡು ತಿಂಗಳಿನಿಂದ ದಿನಾ ಹಿಡಿ ಮಾತ್ರೆ ನುಂಗುತ್ತಿದ್ದ. ಬೆಳಗಿನ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆಂದು ಅವನ ಹೆಂಡತಿ ಅಂಗಡಿಯಲ್ಲಿ ಉಳಿದ ಹಳದಿ ಬಟ್ಟೆಯಲ್ಲಿ ಪರದೆಯೊಂದನ್ನು ಹೊಲಿದು ತಂದು ಕಟ್ಟಿದ್ದಳು. ಅದು ಬಂದ ಮೇಲೆ ಆ ಮೂಲೆಯಲ್ಲಿ ಹಾಲು, ಹಾಸಿಗೆ, ಮನುಷ್ಯರು ಎಲ್ಲ ಹಳದಿಯೇ. ಇವತ್ತು ಒಗೆಯಲೆಂದು ಅವಳು ಅದನ್ನು ಬಿಚ್ಚಿಕೊಂಡು ನಲ್ಲಿಯ ಕಡೆ ಹೋಗಿದ್ದಳು. ಕಿಟಕಿ ಬರಿದಾಗಿ, ಹಗಲ ಬೆಳಕು ನೇರ ಒಳಗೆ ಬಂದಿತ್ತು.

ದೀಪದ ಬೆಳಕಿನಲ್ಲಿ ಬಣ್ಣ ನೋಡಿ ಒಪ್ಪಿದವನಲ್ಲ ಅಜ್ಜ. ಮಾದರಿ ಹಲಗೆಯನ್ನು ಹೊಸ್ತಿಲಿಗೆ ತಂದು, ಹೊತ್ತು ಏರುವ ತನಕ ಕಾದು, ಪಕ್ಕದಲ್ಲೊಂದು ಬಿಳಿಯ ಚೂರು ಇಟ್ಟು ನೋಡಿದ ಮೇಲೇ ಬ್ರಷ್ಷು ಮುಟ್ಟುತ್ತಿದ್ದ. ಈಗ ದರ್ಜಿಯ ಕಣ್ಣಿನ ಬಿಳಿಭಾಗಕ್ಕೆ, ಐದಾರು ವರ್ಷ ಸುಣ್ಣ ಕಾಣದ ಅಡುಗೆಮನೆ ಗೋಡೆಯ ಬಣ್ಣ ಬಂದಿತ್ತು.

"ಮೂತ್ರ ಹೇಗೆ ಹೋಗ್ತಿದೆ?"

"ಕೆಂಪಗೆ. ಆ ಮಾತ್ರೆಗೆ ಹಾಗೇ ಬರುತ್ತೆ ಅಂತ ಮೊದಲ ದಿನವೇ ಹೇಳಿದಾರಲ್ಲ."

"ಮೊದಲು ಕಿತ್ತಳೆ ಇತ್ತು. ಮೊನ್ನೆಯಿಂದ ಬಾಗಿಲಿಗೆ ಹಚ್ಚೋ ಪಾಲಿಶ್ ಥರ ಇದೆ. ನಿನ್ನ ಬಾಟ್ಲಿ ನನ್ನ ಮುಂದೇನೇ ಅಲ್ವಾ ಹೋಗೋದು?"

"ಅದನ್ನೂ ಬಿಡಲಿಲ್ವಾ ನೀವು!" ದರ್ಜಿ ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ. ನಾಲ್ಕು ದಿನದಿಂದ ಅವನಿಗೆ ಊಟ ಕಂಡರೆ ಆಗುತ್ತಿರಲಿಲ್ಲ.

ಅಜ್ಜನ ಕೈ ತನ್ನ ದಿಂಬಿನ ಮೇಲೆ ಹೋಯಿತು. ಅವನನ್ನೂ ದರ್ಜಿಯನ್ನೂ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲದ ಒಂದು ವಿಷಯವಿತ್ತು. ತೊಡೆಯ ನೋವಿಗೆಂದು ಸಿಸ್ಟರ್ ದಿನಕ್ಕೆ ಮೂರು ಸಲ ಅಜ್ಜನಿಗೊಂದು ಬಿಳಿ ಉದ್ದ ಮಾತ್ರೆ ಕೊಡುತ್ತಿದ್ದಳು. ಮಾತ್ರೆಯೆಂದರೆ ಅವನಿಗೆ ಮೊದಲಿಂದ ಆಗದು. ಕೆನ್ನೆಯ ಸಂದಿಯಲ್ಲಿಟ್ಟು ನೀರು ಕುಡಿದಂತೆ ಮಾಡಿ, ಅವಳು ಅತ್ತ ಹೋದ ಮೇಲೆ ಉಗಿದು ಒರೆಸಿ, ದಿಂಬಿನ ಚೀಲದಲ್ಲಿ ಬಚ್ಚಿಡುತ್ತಿದ್ದ. ಒಂದು ಮಧ್ಯಾಹ್ನ ದರ್ಜಿ ಬೆನ್ನುನೋವಿಗೆ ಹಾಸಿಗೆಯ ಅಂಚು ಕಚ್ಚಿಕೊಂಡು ಅಳುತ್ತಿದ್ದ. ಅವನಿಗೆ ಕೊಡುತ್ತಿದ್ದ ನೋವಿನ ಮಾತ್ರೆ ಗುಂಡಗೆ, ತಿಳಿಗೆಂಪು. ಅದು ಸಾಲುತ್ತಿರಲಿಲ್ಲ. ಅಜ್ಜ ಕೈ ಚಾಚಿ ತನ್ನದನ್ನು ಕೊಟ್ಟ. ನೋವು ಅರ್ಧ ಇಳಿಯಿತು. ಆಮೇಲೆ ಅದೇ ರೂಢಿಯಾಯಿತು.

ಸಿಸ್ಟರ್ ಬಂದಾಗ ಅಜ್ಜ ಕಣ್ಣಿನ ವಿಷಯವನ್ನಷ್ಟೇ ಹೇಳಿದ.

"ಈ ಮೂಲೇಲಿ ಎಲ್ಲರೂ ಹಳದೀನೇ ಅಜ್ಜ. ನೀವೂ ಹಳದಿ, ನಾನೂ ಹಳದಿ."

"ಪರದೆ ಇಲ್ಲ ನೋಡು ತಾಯಿ ಇವತ್ತು. ನಿನ್ನ ಕೋಟಿನ ತೋಳು ಅವನ ಕಣ್ಣಿನ ಪಕ್ಕ ಹಿಡಿ. ಒಂದ್ಸಲ. ಆಮೇಲೆ ಬೈ ಬೇಕಾದ್ರೆ."

ಮುದುಕನ ಬಾಯಿ ಮುಚ್ಚಿಸಲೆಂದೇ ಅವಳು ಬಗ್ಗಿ ಬಿಳಿ ತೋಳನ್ನು ದರ್ಜಿಯ ಕೆನ್ನೆಗೆ ಆನಿಸಿದಳು. ಬೆರಳಿನಿಂದ ರೆಪ್ಪೆ ಎಳೆದು ನೋಡಿದಳು. ತಟ್ಟೆಯಲ್ಲಿದ್ದ ದರ್ಜಿಯ ಮಾತ್ರೆಗಳನ್ನು ಹಾಗೇ ವಾಪಸು ತೆಗೆದುಕೊಂಡು ಹೊರಗೆ ಹೋದಳು. ನಡೆಯುತ್ತಿದ್ದವಳು ಬಾಗಿಲು ದಾಟಿದ ಮೇಲೆ ಓಡಿದ ಸದ್ದು ಕೇಳಿಸಿತು.

ರಕ್ತ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಕಾಗದ ಹಿಡಿದು ಬಂದರು. ಅಷ್ಟರಲ್ಲಿ ಹೆಂಡತಿ ಒದ್ದೆ ಪರದೆಯನ್ನು ಬಕೆಟ್ಟಿನಲ್ಲಿಟ್ಟುಕೊಂಡು ಬಂದು ನಿಂತಿದ್ದಳು.

"ಲಿವರ್‌ಗೆ ಪೆಟ್ಟು ಬಿದ್ದಿದೆ," ಎಂದರು. "ಬೆನ್ನಿಗೆ ಕೊಡ್ತಿರೋ ಔಷಧಿನೇ ಕೆಲವರಿಗೆ ಹೀಗೆ ಮಾಡುತ್ತೆ. ನಿಲ್ಲಿಸಿದ್ದೀವಿ. ಆದರೆ ಕಾಮಾಲೆ ಇಷ್ಟು ಜೋರಾಗಿ ಯಾಕೆ ಏರಿತು ಅಂತ ಗೊತ್ತಾಗ್ಬೇಕು. ಗೊತ್ತಾದ್ರೆ ಬೇರೆ ಔಷಧಿ ಹಾಕೋಕೆ ದಾರಿ ಇದೆ. ತಡ ಆದ್ರೆ ಕಷ್ಟ. ಹೊರಗಿಂದ ಏನಾದ್ರೂ ಕೊಟ್ರಾ? ಬೇರು, ಕಷಾಯ, ಅಂಗಡಿ ಮಾತ್ರೆ?"

"ನನ್ನ ಮಕ್ಕಳಾಣೆ ಡಾಕ್ಟ್ರೇ, ಒಂದು ಎಲೆನೂ ಕೊಟ್ಟಿಲ್ಲ."

"ನೀವೇ ಹೇಳಿ," ಎಂದು ಡಾಕ್ಟರು ದರ್ಜಿಯ ಕಡೆ ತಿರುಗಿದರು.

ದರ್ಜಿ ಚಾವಣಿ ನೋಡುತ್ತಿದ್ದ. "ಇಲ್ಲ ಸಾರ್." ಮಂಚದ ಪಕ್ಕಕ್ಕೆ ಜೋತುಬಿದ್ದಿದ್ದ ಅವನ ಕೈಯ ಎರಡು ಬೆರಳು ಅಜ್ಜನ ಕಡೆಗೆ ಮೆಲ್ಲಗೆ ಆಡಿದವು. ಸುಮ್ಮನಿರಿ ಎಂಬಂತೆ.

ಸುಮ್ಮನಿರಬಹುದಿತ್ತು. ಚಾರ್ಟಿನಲ್ಲಿ ಪ್ರತಿ ಹೊತ್ತಿಗೂ ಅಜ್ಜ ನುಂಗಿದ ಎಂದೇ ಗುರುತು ಬಿದ್ದಿತ್ತು. ಆ ಹೆಣ್ಣುಮಗಳು ಅಜ್ಜನ ಟವೆಲು ಒಗೆಯುತ್ತಿದ್ದಳು, ಗಂಡನಿಗೆ ನೀರು ಕೊಟ್ಟಾಗ ಇವನಿಗೂ ಒಂದು ಲೋಟ ಬಗ್ಗಿಸುತ್ತಿದ್ದಳು. ನೀವು ಪಕ್ಕದಲ್ಲಿದ್ದೀರಿ ಅನ್ನೋದೇ ಧೈರ್ಯ ಎಂದು ನಿನ್ನೆ ತಾನೇ ಅಂದಿದ್ದಳು.

"ನಾನು ಕೊಟ್ಟೆ," ಎಂದ ಅಜ್ಜ.

ಯಾರಿಗೂ ಅರ್ಥವಾಗಲಿಲ್ಲ. ಅವನು ದಿಂಬಿನ ಚೀಲದೊಳಗೆ ಕೈಯಿಟ್ಟು, ಬೆಳಿಗ್ಗೆ ಉಗಿದಿಟ್ಟಿದ್ದ ಮಾತ್ರೆಯನ್ನು ಅಂಗೈಯಲ್ಲಿ ಮುಂದಕ್ಕೆ ಹಿಡಿದ. "ನನ್ನದು ಇದು. ಹನ್ನೊಂದು ದಿನದಿಂದ. ದಿನಕ್ಕೆ ಮೂರು. ಮೊದಲ ದಿನ ಮಾತ್ರ ಎರಡು, ಬೆಳಗಿನದು ಟವೆಲಿನ ಜೊತೆ ನಲ್ಲಿಗೆ ಹೋಗಿತ್ತು. ಮೂವತ್ತೆರಡು ಆಯ್ತು. ಅವನದು ಬೇರೆ ಬಣ್ಣ ಇತ್ತಲ್ಲ ಸಾರ್, ಔಷಧಿಯೂ ಬೇರೆ ಅಂದುಕೊಂಡೆ."

"ಒಂದೇ ಔಷಧಿ ಅಜ್ಜ. ಎರಡು ಕಂಪನಿದು, ಅಷ್ಟೇ."

ಬಣ್ಣದ ಡಬ್ಬಿಯ ಮೇಲಿನ ಚಿತ್ರ ನೋಡಿ ಮೋಸ ಹೋಗಬೇಡಿ, ಒಳಗಿರೋದು ಒಂದೇ ಎಂದು ಐವತ್ತು ವರ್ಷ ಗಿರಾಕಿಗಳಿಗೆ ಹೇಳಿಕೊಂಡು ಬಂದವನು ಅವನು. ಅಂಗೈ ಮಡಿಸಲು ಮರೆತು ಹಾಗೇ ಹಿಡಿದುಕೊಂಡಿದ್ದ.

"ನಿಮ್ಮಿಂದಲೇ ಆಯ್ತು ಅಂತ ಹೇಳಲ್ಲ," ಎಂದರು ಡಾಕ್ಟರು ಬರೆದುಕೊಳ್ಳುತ್ತಾ. "ನಿಮ್ಮಿಂದ ಅಲ್ಲ ಅಂತಲೂ ಹೇಳೋಕಾಗಲ್ಲ. ಈಗಲಾದ್ರೂ ಹೇಳಿದ್ರಲ್ಲ." ಸಿಸ್ಟರ್ ಚಾರ್ಟಿನ ಗುರುತುಗಳ ಮೇಲೆ ಬೆರಳಾಡಿಸುತ್ತಾ ನಿಂತಿದ್ದಳು. ಅವಳ ಮುಖ ನೋಡಲು ಅಜ್ಜನಿಗೆ ಆಗಲಿಲ್ಲ.

ದರ್ಜಿಯ ಹೆಂಡತಿ ಕೂಗಾಡಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ಒಂದು ಮಾತು ಕೇಳಬಹುದಿತ್ತು. ಯಾರನ್ನಾದ್ರೂ," ಎಂದಳು. ಎರಡು ಮಂಚಗಳ ನಡುವೆ ಇದ್ದ ಸ್ಟೂಲನ್ನು ಎತ್ತಿಕೊಂಡು ಹೋಗಿ ಕಿಟಕಿಯ ಕಡೆ ಹಾಕಿ, ಅಜ್ಜನಿಗೆ ಬೆನ್ನು ಮಾಡಿ ಕುಳಿತಳು.

ಮುಂದಿನ ದಿನಗಳಲ್ಲಿ ದರ್ಜಿಯ ಕೈಗೆ ಗ್ಲೂಕೋಸ್ ಬಾಟ್ಲಿ ಇಳಿಯುತ್ತಲೇ ಇತ್ತು. ಅವನು ಹೆಚ್ಚು ಹೊತ್ತು ಮಲಗಿಯೇ ಇರುತ್ತಿದ್ದ. ಒಂದು ದಿನ ಹೆಂಡತಿಯ ಹೆಸರಿಗೇ ತಡವರಿಸಿದ. ಪರದೆ ಕಟ್ಟಬಾರದೆಂದು ಸಿಸ್ಟರ್ ಹೇಳಿದ್ದರಿಂದ ಅದು ಮಡಿಕೆಯಾಗಿ ಕಿಟಕಿ ಕಟ್ಟೆಯ ಮೇಲೆ ಕುಳಿತಿತ್ತು. ಬಿಸಿಲು ಮುಖಕ್ಕೆ ಬಿದ್ದಾಗ ಹೆಂಡತಿಯೇ ಅಡ್ಡಲಾಗಿ ನಿಲ್ಲುತ್ತಿದ್ದಳು. ಅಜ್ಜನಿಗೆ ಕಾಣುತ್ತಿದ್ದದ್ದು ಅವಳ ಬೆನ್ನೊಂದೇ. ಟವೆಲು ಒಗೆಯದೆ ಗಟ್ಟಿಯಾಯಿತು. ಈಗ ಸಿಸ್ಟರ್ ಮಾತ್ರೆ ಕೊಟ್ಟು ಅಲ್ಲೇ ನಿಲ್ಲುತ್ತಿದ್ದಳು. "ಬಾಯಿ ತೆಗೀರಿ. ನಾಲಿಗೆ ಎತ್ತಿ. ಕೆನ್ನೆ ತೋರಿಸಿ." ಅಜ್ಜ ಮೂರನ್ನೂ ಮಾಡುತ್ತಿದ್ದ. ಗಂಟಲಲ್ಲಿ ಕಹಿ ಇಳಿಯುವಾಗ ಅದು ತನಗೆ ತಕ್ಕದ್ದೇ ಎನಿಸುತ್ತಿತ್ತು.

ಒಂಬತ್ತನೆಯ ಬೆಳಿಗ್ಗೆ ಸ್ಟೂಲು ಕಿರುಗುಟ್ಟಿತು. ಅವಳು ಎದ್ದು ಅಜ್ಜನ ಕಡೆ ತಿರುಗಿ ನಿಂತಿದ್ದಳು. ಅವಳ ಮುಖವನ್ನು ಅವನು ಎಂಟು ದಿನದಿಂದ ನೋಡಿರಲಿಲ್ಲ.

"ಕಾಗದದಲ್ಲಿ ಕಾಮಾಲೆ ಇಳಿದಿದೆ ಅಂತಾರೆ," ಎಂದಳು. "ಅವರ ಲೆಕ್ಕ ನನಗೆ ತಿಳಿಯಲ್ಲ. ದಿನಾ ನೋಡಿ ನೋಡಿ ನನ್ನ ಕಣ್ಣಿಗೂ ಗೊತ್ತಾಗ್ತಿಲ್ಲ. ನೀವು ಹೇಳಿ."

"ನಾನಾ?"

"ಸುಳ್ಳು ಹೇಳಬೇಡಿ. ಇದ್ದದ್ದು ಇದ್ದ ಹಾಗೆ ಹೇಳಿ."

ದರ್ಜಿ ತಾನಾಗಿಯೇ ಕತ್ತು ಹೊರಳಿಸಿದ. ಮುಖ ಸೊರಗಿ ಮೂಗು ಉದ್ದವಾಗಿತ್ತು. "ನೋಡಿ ಅಜ್ಜ, ಇನ್ನೆಷ್ಟು ಕೋಟು ಸುಣ್ಣ ಬೇಕು ಹೇಳಿಬಿಡಿ," ಎಂದ. ದನಿ ತೆಳುವಾಗಿದ್ದರೂ ಅದು ಅವನದೇ ದನಿ.

ಅವಳು ಒಗೆದ ದಿಂಬಿನ ಚೀಲವನ್ನು ಗಂಡನ ಕೆನ್ನೆಯ ಪಕ್ಕ ಬಿಗಿಯಾಗಿ ಹಿಡಿದಳು. ಅಜ್ಜ ಕತ್ತೆತ್ತಿದ. ಅಷ್ಟರಲ್ಲಿ ಹೊರಗೆ ಮೋಡ ಬಂದು ಕಿಟಕಿ ಮಂಕಾಯಿತು.

"ಈಗ ಹೇಳೋಕಾಗಲ್ಲ ತಾಯಿ. ಬೆಳಕು ಬರಲಿ."

ಅವಳು ಚೀಲ ಇಳಿಸಲಿಲ್ಲ. ಅಜ್ಜ ಮೊಣಕೈ ಊರಿ ಅರ್ಧ ಎದ್ದಿದ್ದ. ಮಂಚದ ಕಬ್ಬಿಣ ಮೊಣಕೈಗೆ ಒತ್ತುತ್ತಿತ್ತು. ಅವಳು ಅದನ್ನು ನೋಡಿದಳು. ಇನ್ನೊಂದು ಕೈಯಿಂದ ಕಿಟಕಿ ಕಟ್ಟೆಯ ಮೇಲಿದ್ದ ಹಳದಿ ಪರದೆಯನ್ನು ಎಳೆದುಕೊಂಡು, ಮಡಿಕೆ ಬಿಚ್ಚದೆ ಅವನ ಮೊಣಕೈಯ ಕೆಳಗೆ ತಳ್ಳಿದಳು. ಮತ್ತೆ ಚೀಲವನ್ನು ಸರಿಯಾಗಿ ಹಿಡಿದುಕೊಂಡಳು.

ಮೂವರೂ ಕಿಟಕಿಯ ಕಡೆ ನೋಡುತ್ತಾ ಮೋಡ ಸರಿಯುವುದನ್ನು ಕಾದರು.