ರಿಯೋನೆ ತೆರ್ರಾದ ಕಿಟಕಿ

ಬುಟ್ಟಿಯ ಮೇಲೆ ಒಂದು ಕಡಲಹಕ್ಕಿ ಕೂತಿತು, ಹಾರಿತು, ಹಗ್ಗ ತುಸು ತೂಗಾಡಿ ನಿಂತಿತು — ಬ್ರೆಡ್ಡು ಹಾಗೇ ಇದೆ, ಬೆಳಿಗ್ಗೆ ತಾನೇ ಬಟ್ಟೆ ಮುಚ್ಚಿ ಇಟ್ಟದ್ದು, ಯಾಕೆ ಎಳೆದುಕೊಳ್ಳಲಿಲ್ಲ, ದಿನಾ ಇಟ್ಟ ಕೈ ತೆಗೆಯುವುದರೊಳಗೆ ಹಗ್ಗ ಬಿಗಿಯುತ್ತಿತ್ತಲ್ಲ. ರಾಕೆಲೀನಾ ದೋಣಿಕಟ್ಟೆಯ ಮೂಲೆಯಲ್ಲಿ ನಿಂತು ಬಂಡೆಯ ನೆತ್ತಿಯ ತನ್ನ ಮನೆಯನ್ನು ನೋಡುತ್ತಾಳೆ, ಇಡೀ ರಿಯೋನೆ ತೆರ್ರಾ ಕೇರಿ ಖಾಲಿ, ಬಾಗಿಲುಗಳಿಗೆಲ್ಲ ಹಲಗೆ ಹೊಡೆದಿದ್ದಾರೆ, ಈ ಹಗ್ಗ ಇಳಿಬಿದ್ದ ಆ ಒಂದು ಕಿಟಕಿಯ ಹಿಂದೆ ಮಾತ್ರ ಅವಳ ಗಂಡ ಪ್ರೋಕೊಲೊ ಇದ್ದಾನೆ, ಇರುವುದು ಅವಳಿಗೆ ಗೊತ್ತು, ಬ್ರೆಡ್ಡು ಮಾರುವ ಅಸ್ಸುಂತಾಳಿಗೆ ಗೊತ್ತು, ದೇವರಿಗೆ ಗೊತ್ತು. ನಿನ್ನೆ ಕೆಮ್ಮುತ್ತಿದ್ದ, ಕೆಮ್ಮು ಇಷ್ಟು ಕೆಳಗೂ ಕೇಳಿಸಿತು, ಬುಟ್ಟಿ ನಡುನಡುವೆ ನಿಂತು ನಿಂತು ಮೇಲೇರಿತು, ಇರುಳು ನೆಲ ಮತ್ತೆ ನಡುಗಿತಂತೆ, ಅಡುಗೆಮನೆಯ ತೊಲೆ ಮೊದಲೇ ಬಾಗಿತ್ತು, ಅದರ ಕೆಳಗೇ ಅವನ ಮಂಚ — ದೇವಮಾತೇ, ಒಂದು ಗೇಣು ಎಳೆಸು, ಒಂದೇ ಗೇಣು.

ಆ ದಿನ ಸಿಪಾಯಿಗಳು ಮನೆಮನೆಯ ಬಾಗಿಲು ಬಡಿದರು, ಇಳೀರಿ ಇಳೀರಿ, ನೆಲ ಮೇಲಕ್ಕೆ ಬರ್ತಿದೆ, ಬಂಡೆ ಸೀಳುತ್ತೆ, ಒಲೆಯ ಮೇಲೆ ಕಡಲೆ ಬೇಯುತ್ತಿತ್ತು, ಅದನ್ನು ಇಳಿಸಲೂ ಬಿಡಲಿಲ್ಲ. ನೀರಿನ ತೊಟ್ಟಿಯ ಹಿಂದೆ ಅಡಗಿ ಕೂತ ಪ್ರೋಕೊಲೊ ಪಿಸುಗುಟ್ಟಿದ, ನೀನು ಹೋಗೇ, ಕೇಳಿದ್ರೆ ಕಡಲಿಗೆ ಹೋಗಿದಾನೆ ಅನ್ನು, ಒಂದ್ಸಲ ಇಳಿದ್ರೆ ಮತ್ತೆ ಹತ್ತಕ್ಕೆ ಬಿಡಲ್ಲ ಇವರು, ಯಾರಿಗೂ ಹೇಳಲ್ಲ ಅಂತ ಸಂತನ ಮೇಲೆ ಆಣೆ ಇಡು. ಇಟ್ಟಳು. ಈ ಊರನ್ನು ಕಡಲು ಎಷ್ಟು ಸಲ ನುಂಗಿಲ್ಲ, ಉಗುಳಿಲ್ಲ, ಕೆಳಗಿನ ಹಳೆ ಸಂತೆಯ ಕಂಬಗಳಲ್ಲಿ ಆಳೆತ್ತರಕ್ಕೂ ಮೇಲೆ ಕಡಲ ಚಿಪ್ಪುಹುಳಗಳು ಕೊರೆದ ತೂತುಗಳಿವೆ, ಆಗೆಲ್ಲ ನಮ್ಮವರು ಹತ್ತಿದ್ದು ಈ ಬಂಡೆಯನ್ನೇ, ಕಡಲುಗಳ್ಳರು ಬಂದಾಗ ಹತ್ತಿದ್ದು ಇದನ್ನೇ, ಹೊಸಬೆಟ್ಟ ಬೆಂಕಿ ಕಾರಿ ಎದ್ದಾಗ ಓಡಿಹೋದವರೂ ಮರಳಿ ಬಂದದ್ದು ಇಲ್ಲಿಗೇ. ದೊಡ್ಡ ಇಗರ್ಜಿಗೆ ಬೆಂಕಿ ಬಿದ್ದ ವರ್ಷ ಗಾರೆ ಕಳಚಿ ಗೋಡೆಯೊಳಗಿಂದ ರೋಮಿನವರ ಬಿಳಿ ಕಂಬಗಳು ಹೊರಬಂದವು, ಎಲ್ಲರೂ ಅಳುತ್ತಿದ್ದಾಗ ಪ್ರೋಕೊಲೊ ಒಬ್ಬನೇ ನಕ್ಕ, ನೋಡೇ, ಇದರ ಹೊಟ್ಟೆಯೊಳಗೆ ಇನ್ನೊಂದು ದೇವರ ಮನೆ ಇತ್ತು, ಇದು ಬೀಳೋ ಜಾಗ ಅಲ್ಲ. ಮೇಲಿನ ಆ ಕಿಟಕಿಯ ಕೋಣೆಯಲ್ಲೇ ಅವರ ಮಗಳು ಹುಟ್ಟಿದ್ದು, ಆ ಕೋಣೆಯಲ್ಲೇ ಜ್ವರದಲ್ಲಿ ಹೋದದ್ದು, ಅವಳ ಎತ್ತರಕ್ಕೆ ಬಾಗಿಲಿನ ಚೌಕಟ್ಟಿನಲ್ಲಿ ಅವನು ಚಾಕುವಿನಿಂದ ಹಾಕಿದ ಗೀಟು ಇದೆ, ಗೀಟನ್ನು ಯಾವ ಲಾರಿಯಲ್ಲಿ ಸಾಗಿಸಲಿ ಅಂದಿದ್ದ. ಈಗ ತಾನು ನೇಪಲ್ಸಿನ ಯಾವುದೋ ಹಜಾರದಲ್ಲಿ ಕಂಬಳಿ ನೇತುಹಾಕಿದ ಸಂದಿನಲ್ಲಿ ಮಲಗುತ್ತಾಳೆ, ಅಲ್ಲಿ ಘಂಟೆಯಿಲ್ಲ, ಪೂಜೆಯಿಲ್ಲ, ಇರುಳೆಲ್ಲ ದೀಪ, ಇಂದು ಯಾವುದು ನಾಳೆ ಯಾವುದು ತಿಳಿಯದು, ಬೆಳಗಾದರೆ ರೈಲು, ಬ್ರೆಡ್ಡು, ಬುಟ್ಟಿ — ಬುಟ್ಟಿ ಅಲ್ಲಾಡದು.

ಅಸ್ಸುಂತಾ ಬಂಡಿ ತಳ್ಳಿಕೊಂಡು ಬಂದಳು, ಅಕ್ಕಾ, ಕತ್ತು ನೋಯಲ್ವಾ, ಬಾ ಕೂತ್ಕೋ, ನಿನ್ನ ಗಂಡ ಮಲಗಿರ್ತಾನೆ, ಮದುವೆ ದಿನಾನೂ ತಡವಾಗಿ ಎದ್ದೋನು ಅವನು. ರಾಕೆಲೀನಾ ಕೂರಲಿಲ್ಲ. ಹೇಳಿದರೆ ಸಿಪಾಯಿಗಳು ಅವನನ್ನು ಎಳೆದುಕೊಂಡು ಬರುತ್ತಾರೆ, ಇಳಿದ ಮೇಲೆ ಅವನು ಬದುಕನು, ಹೇಳದಿದ್ದರೆ ತೊಲೆಯ ಕೆಳಗೆ ನೀರು ನೀರು ಎನ್ನುತ್ತಿರಬಹುದು, ಆಣೆ ದೊಡ್ಡದೋ ಉಸಿರು ದೊಡ್ಡದೋ, ಸಂತ ಪ್ರೋಕೊಲೊ, ನಿನ್ನ ಹೆಸರಿಟ್ಟುಕೊಂಡವನು ಅವನು, ನೀನೇ ಹೇಳು — ಹಗ್ಗ ಸುಮ್ಮನಿತ್ತು, ಕಾಲುಗಳು ತಾವಾಗಿ ನಡೆದವು, ಏರುದಾರಿಯ ಕಾವಲಿನವರ ಎದುರು ಬಾಯಿ ತಾನಾಗಿ ತೆರೆಯಿತು, ಅಪ್ಪಾ, ಮೇಲೆ ನನ್ನ ಗಂಡ ಇದಾನೆ. ಏನಜ್ಜಿ, ಮೇಲೆ ಬೆಕ್ಕು ಕೂಡ ಇಲ್ಲ. ಇದಾನಪ್ಪ, ಬುಟ್ಟಿ ಎಳೀತಿಲ್ಲ, ಸಾಯ್ತಿದಾನೆ, ಓಡಿ. ಓಡಿದರು, ಹಲಗೆ ಒಡೆಯುವ ಸದ್ದು ಕೇಳಿಸಿತು, ಅವಳು ಜಪಮಾಲೆ ಹಿಡಿದು ಕಟ್ಟೆಗೆ ಮರಳಿದಳು, ಮಣಿಗಳು ಬೆರಳಿಗೆ ಸಿಗಲಿಲ್ಲ. ಕೆಳಗೆ ಉಳಿದ, ಉತ್ತರದ ಸೀಮೆಯಿಂದ ಬಂದ ಸಿಪಾಯಿಯೊಬ್ಬ ಅಸ್ಸುಂತಾಳ ಬಂಡಿಗೆ ಒರಗಿ, ಅಮ್ಮಾ, ಬ್ರೆಡ್ಡೊಳಗೆ ಎರಡು ತುಂಡು ಹಂದಿಮಾಂಸ ಇಡಿ ಅಂದ. ಯಾವ ಊರಪ್ಪ ನಿಂದು, ನಿಮ್ಮಲ್ಲಿ ಪಾದ್ರಿ ಇಲ್ವಾ, ತಪಸ್ಸುಕಾಲದ ಶುಕ್ರವಾರ, ಉಪವಾಸದ ದಿನ, ಮಾಂಸ ಕೇಳ್ತೀಯಲ್ಲ, ಅಂದಳು ಅಸ್ಸುಂತಾ.

ಶುಕ್ರವಾರ. ಮನೆ ಬಿಟ್ಟ ಮೇಲೆ ಇದೇ ಮೊದಲ ಶುಕ್ರವಾರ, ತಪಸ್ಸುಕಾಲದ ಶುಕ್ರವಾರ ಅವನು ತುತ್ತು ಮುಟ್ಟನು, ಮದುವೆಯಾದಂದಿನಿಂದ ಮುಟ್ಟಿಲ್ಲ, ಕೆಮ್ಮಿದ್ದರೂ ಮುಟ್ಟನು, ಸ್ವಾಮಿ ಶಿಲುಬೆಯ ಮೇಲೆ ಪ್ರಾಣ ಬಿಟ್ಟ ಮೂರು ಗಂಟೆಯವರೆಗೆ ಅನ್ನವಿಲ್ಲ ನೀರಿಲ್ಲ, ಆ ದಿನ ಬಡಿಸುವುದು ಮೂರರ ಮೇಲೆ, ಇಷ್ಟು ವರ್ಷ ಬಡಿಸಿದ ಕೈ ಇದು, ಈ ಕೈಗೆ ಮರೆತುಹೋಯಿತೇ, ಘಂಟೆಯಿಲ್ಲದೆ ಮರೆಯಿತೇ — ನಿಲ್ಲಿ, ಅಪ್ಪಂದಿರೇ, ನಿಲ್ಲಿ ಎನ್ನಬೇಕು, ಅವರು ಮೇಲೆ ಮನೆಯೊಳಗೆ ಹೊಕ್ಕಾಗಿದೆ — ಕೆಳಪೇಟೆಯ ಗಡಿಯಾರ ಮೂರು ಬಡಿಯಿತು, ಹಗ್ಗ ಬಿಗಿಯಿತು, ಬುಟ್ಟಿ ನೆಲ ಬಿಟ್ಟಿತು, ಒಂದು ಗೇಣು, ಒಂದು ಆಳೆತ್ತರ, ಅವನ ಕೈಯೇ, ಬಲೆ ಎಳೆದ ಕೈಯ ಅದೇ ನಿಧಾನ, ಮೊದಲ ಮನೆಯ ಗೋಡೆ ದಾಟಿತು, ಮೇಲೆ ಸಿಪಾಯಿಗಳ ಕೂಗು, ಗಕ್ಕನೆ ನಿಂತಿತು, ಮೇಲೂ ಹೋಗದು, ಕೆಳಗೂ ಬಾರದು, ಬಂಡೆಯ ನಡುವೆ, ಬಟ್ಟೆ ಮುಚ್ಚಿದ ಬ್ರೆಡ್ಡು, ಬುಟ್ಟಿ, ಬುಟ್ಟಿ