ಹರಿದ ಗಂಟಲಿನ ಹಾಡು

ಸುದ್ದಗುಂಟೆಪಾಳ್ಯದ ಲಕ್ಷ್ಮಿದೇವಮ್ಮನವರ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ. ಸದ್ದು ತಗ್ಗಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿಕೊಂಡು ಬಸವಂತನ ರಾಕ್ ಬ್ಯಾಂಡು ಅಲ್ಲಿ ತಾಲೀಮು ಮಾಡುತ್ತದೆ. ಗೋದಲಿ ಮಾತ್ರ ಹಾಗೆಯೇ ಇದೆ. ಅದರೊಳಗೆ ವೈರುಗಳು ಬಿದ್ದಿರುತ್ತವೆ.

ಬ್ಯಾಂಡಿನ ಹುಡುಗರು ಮುಧೋಳದ ಕಡೆಯವರು. ಅವರ ಊರಲ್ಲಿ ಸಪ್ತಾಹ ನಡೆದರೆ ಏಳು ದಿನ ಭಜನೆಯ ದನಿ ನಿಲ್ಲಬಾರದು. ಹೋದ ವರ್ಷ ಬಾರದವರ ಪಾಳಿಯನ್ನೂ ತಾನೇ ಹಾಡಿ ಬಸವಂತನ ಗಂಟಲು ಹರಿದಿತ್ತು. ಮರುದಿನವೇ ಕಬ್ಬಿನ ಹೊಲದಲ್ಲಿ ವಿಡಿಯೋ. ಬಾಡಿಗೆಯ ಕ್ಯಾಮೆರಾ ಬಂದಾಗಿತ್ತು, ಹಾಗೇ ಹಾಡಿದ. ಆ ಒಡಕು ದನಿಯನ್ನೇ ಜನ ಮೆಚ್ಚಿದರು, ಊರೂರಿನವರು ನೋಡಿದರು. ವಾರದಲ್ಲಿ ಗಂಟಲು ವಾಸಿಯಾಯಿತು. ತೊಂದರೆ ಶುರುವಾದದ್ದು ಆಗ.

ಅಂದಿನಿಂದ ಪ್ರತಿ ರೆಕಾರ್ಡಿಂಗಿಗೆ ಮುಂಚೆ ಬಸವಂತ ಬಾಗಿಲು ಹಾಕಿಕೊಂಡು, ಆ ಒಡಕು ದನಿ ಬರಲೆಂದು ಗಂಟಲು ಹರಿಯುವ ತನಕ ಕೂಗುತ್ತಾನೆ. ಹೀಗೇ ಕೂಗಿದರೆ ದನಿಯೇ ಉಳಿಯುವುದಿಲ್ಲವೆಂದು ಜಯನಗರದ ಡಾಕ್ಟರು ಮೊನ್ನೆ ಹೇಳಿದ್ದರು.

ಇವತ್ತು ಹೊಸ ವಿಡಿಯೋ. ಬಸವಂತ ಕೂಗದೆ, ತನ್ನ ದನಿಯಲ್ಲೇ ಹಾಡಿ ಮುಗಿಸಿದ. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ಲಕ್ಷ್ಮಿದೇವಮ್ಮ ಬಾಗಿಲಲ್ಲಿ ಇಣುಕಿದರು.

"ಯಾರಪ್ಪಾ ಈಗ ಹಾಡಿದ್ದು, ನೀನಾ? ಮತ್ತೆ ಇಷ್ಟು ದಿನ ಎಮ್ಮೆ ಈಯೋ ಹಂಗೆ ಯಾಕ್ ಅರಚ್ತಿದ್ದೆ?"

ಎಲ್ಲರೂ ನಕ್ಕರು. ವಿಡಿಯೋ ಮಾಡುವ ಚಿದಾನಂದ್ ಹೆಡ್‌ಫೋನ್ ಕೆಳಗಿಳಿಸಿದ.

"ಸಖತ್ತಾಗಿದೆ ಮಗಾ. ಆದ್ರೆ ಇಂಥ ವಾಯ್ಸು ಬೀದಿಗೊಂದಿದೆ. ಈಗ ನಿಮ್ ಸೌಂಡಲ್ಲಿ ಕೊಡು."

"ಇದೂ ನಮ್ದ ಸೌಂಡ್ ಐತ್ರಿ."

"ಅದು ಜನಕ್ಕೆ ಗೊತ್ತಿಲ್ವಲ್ಲ ಗುರು."

ಬಸವಂತ ಡ್ರಮ್ಮಿನ ರವಿಕುಮಾರನ ಮುಖ ನೋಡಿದ. ಡಾಕ್ಟರ ಹತ್ತಿರ ಜೊತೆಗೆ ಬಂದವನು ಅವನೇ.

"ನೀನರ ಹೇಳಲೇ ರವ್ಯಾ."

ರವಿಕುಮಾರ ಡ್ರಮ್ಮಿನ ಕೋಲಿನ ಸಿಬಿರು ಕೀಳುತ್ತ ಕೂತ.

"ಇದೊಂದ್ ಹಾಡಿಬಿಡೋ. ಆಮ್ಯಾಲ ನಿನ್ನ ದನ್ಯಾಗ ಎಷ್ಟರ ಹಾಡು" ಎಂದ. ಹಿಂದಿನ ಹಾಡಿಗೂ ಹೀಗೇ ಅಂದಿದ್ದ.

ಒಬ್ಬೊಬ್ಬರೇ ಹೊರಗೆ ಹೋದರು. ರವಿಕುಮಾರ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ.

ಒಳಗೆ ಬಸವಂತ ಗೋಡೆಗೆ ಮುಖ ಮಾಡಿ ನಿಂತ. ಮೊದಲ ಕೂಗು ತಿಳಿಯಾಗಿ ಹೊರಟಿತು. ಅದು ಪೂರ್ತಿ ಅಡಗುವ ತನಕ ಕೇಳಿಸಿಕೊಂಡ. ಆಮೇಲೆ ಎದೆ ತುಂಬ ಉಸಿರೆಳೆದು ಇನ್ನೂ ಜೋರಾಗಿ ಕೂಗಿದ. ಮತ್ತೆ ಕೂಗಿದ.

ಹೊರಗಿನಿಂದ ಚಿದಾನಂದ್ ಬಾಗಿಲು ತಟ್ಟಿದ.

"ಇನ್ನೊಂದ್ ಸ್ವಲ್ಪ ಮಗಾ. ಇನ್ನೂ ಕ್ಲೀನಾಗೇ ಇದೆ."